ಹ್ಯಾಂಗರಿನ ಕಾವಲು: ಗಸ್ತಿನ ಗಡಿಯಾರದಿಂದ ಸಿಮ್ ಕಾರ್ಡಿನವರೆಗೆ

ಸಣ್ಣ ಖಾಸಗಿ ವಿಮಾನದ ಆಯುಸ್ಸಿನಲ್ಲಿ ಹಾರಾಟದ ಪಾಲು ತೀರ ಕಡಿಮೆ. ವಾರಕ್ಕೆ ಒಂದೆರಡು ಗಂಟೆ ಹಾರಿದರೆ ಹೆಚ್ಚು. ಉಳಿದ ಹೊತ್ತೆಲ್ಲ ಅದು ಹ್ಯಾಂಗರಿನೊಳಗೆ ನಿಂತಿರುತ್ತದೆ. ಹಾಗೆ ನಿಂತಿರುವಾಗ ಅದಕ್ಕೆ ಕೇಡು ತರುವವು ಗಾಳಿ, ಬೆಂಕಿ, ಕಳ್ಳರು, ತೇವ ಮತ್ತು ಚಳಿ. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಒಳಗಿನ ಸ್ಥಿತಿಯನ್ನು ಅಳೆಯುವ ಉಪಕರಣಗಳು ವಿಮಾನಕ್ಕಿಂತಲೂ ಹಳೆಯವು. ಅಳೆದದ್ದನ್ನು ಮೈಲಿಗಟ್ಟಲೆ ದೂರದಲ್ಲಿರುವ ಮಾಲೀಕನಿಗೆ ಮುಟ್ಟಿಸುವ ಅಗ್ಗದ ದಾರಿ ಮಾತ್ರ 20ನೆಯ ಶತಮಾನ ಮುಗಿಯುತ್ತ ಬರುವವರೆಗೂ ಸಿಕ್ಕಿರಲಿಲ್ಲ. ಅಮೆರಿಕ, ಕೆನಡಾ, ಯುರೋಪುಗಳ ವಿಮಾನ ಮಾಲೀಕರು ಇಂದು ತಾವೇ ಜೋಡಿಸಿಕೊಳ್ಳುವ ದೂರನಿಗಾ ಪೆಟ್ಟಿಗೆಯ ಚರಿತ್ರೆ ಬಹುಮಟ್ಟಿಗೆ ಆ ದಾರಿಯ ಚರಿತ್ರೆಯೇ.

ಮೊದಲ ಶತ್ರು ಗಾಳಿ. 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ನಾಲ್ಕು ಸಲ ಹಾರಿತು. ಅದು ಮುರಿದುಬಿದ್ದದ್ದು ಹಾರಾಟಗಳೆಲ್ಲ ಮುಗಿದು ನೆಲದ ಮೇಲೆ ನಿಂತಿದ್ದಾಗ. ಬೀಸಿ ಬಂದ ಗಾಳಿ ಅದನ್ನು ಮಗುಚಿಹಾಕಿತು, ಆ ವಿಮಾನ ಮತ್ತೆ ಹಾರಲಿಲ್ಲ. ಜರ್ಮನಿಯ ಕೌಂಟ್ ಜೆಪ್ಪೆಲಿನ್ ಈ ತೊಂದರೆಯನ್ನು ಮೊದಲೇ ಊಹಿಸಿ, ಕಾನ್‌ಸ್ಟನ್ಸ್ ಸರೋವರದ ನೀರಿನ ಮೇಲೆ ತೇಲುವ ಶೆಡ್ಡು ಕಟ್ಟಿಸಿದ್ದರು. ಗಾಳಿ ತಿರುಗಿದತ್ತ ಶೆಡ್ಡೂ ತಿರುಗುವುದರಿಂದ ವಾಯುನೌಕೆಯನ್ನು ಅಡ್ಡಗಾಳಿಗೆ ಸಿಕ್ಕಿಸದೆ ಹೊರತೆಗೆಯಬಹುದಿತ್ತು. 1900ರ ಜುಲೈ 2ರಂದು ಅವರ ಮೊದಲ ವಾಯುನೌಕೆ ಹೊರಬಂದದ್ದು ಅಲ್ಲಿಂದಲೇ. ಮೊದಲ ಮಹಾಯುದ್ಧದ ಹೊತ್ತಿಗೆ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿದ ಫ್ರಾನ್ಸಿನ ಬೆಸ್ಸೊನೊ ಡೇರೆಗಳು ಯುದ್ಧರಂಗದ ಹಿಂದಿನ ಬಯಲುಗಳಲ್ಲಿ ಸಾಲುಗಟ್ಟಿದವು. ಬಿಚ್ಚಿ, ಹೊತ್ತು, ಇನ್ನೊಂದೆಡೆ ಮತ್ತೆ ಕಟ್ಟಬಹುದಾದ ಆ ಡೇರೆಗಳ ಪಕ್ಕದಲ್ಲಿ ರಾತ್ರಿಯಿಡೀ ಸಿಪಾಯಿ ಇರುತ್ತಿದ್ದ. ಹಗ್ಗ ಸಡಿಲಾದರೆ ಬಿಗಿಯುವವನೂ ಅವನೇ, ಕೂಗಿ ಕರೆಯುವವನೂ ಅವನೇ.

ಡೇರೆ ಹೋಗಿ ಕಾಯಂ ಕಟ್ಟಡ ಬಂದಾಗ ಗಾಳಿಯ ಭಯ ಇಳಿದು ಬೆಂಕಿಯ ಭಯ ಏರಿತು. ಆ ಕಾಲದ ವಿಮಾನದ ರೆಕ್ಕೆಗಳು ಮರದ ಪಟ್ಟಿ ಮತ್ತು ಬಟ್ಟೆ. ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ಸೆಲ್ಯುಲೋಸ್ ನೈಟ್ರೇಟಿನ ಲೇಪ ಕಿಡಿ ತಗುಲಿದರೆ ಭಗ್ಗನೆ ಹತ್ತುವಂಥದು. ಕೆಳಗೆ ನೆಲದ ಮೇಲೆ ಪೆಟ್ರೋಲಿನ ತೊಟ್ಟು. ರಾತ್ರಿ ಗಸ್ತು ಅನಿವಾರ್ಯವಾಯಿತು. ಆದರೆ ಗಸ್ತಿನವನು ನಿಜವಾಗಿ ಸುತ್ತು ಹಾಕಿದನೋ, ಮೂಲೆಯಲ್ಲಿ ನಿದ್ದೆ ಹೋದನೋ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಗಿರಣಿಗಳು ಮುಂಚೆಯೇ ಉತ್ತರ ಕಂಡುಕೊಂಡಿದ್ದವು. 18ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಡರ್ಬಿಯ ಜಾನ್ ವೈಟ್‌ಹರ್ಸ್ಟ್ ತಯಾರಿಸುತ್ತಿದ್ದ ಗಸ್ತಿನ ಗಡಿಯಾರದಲ್ಲಿ ಅಂಚಿನ ಸುತ್ತ ಮೊಳೆಗಳಿದ್ದವು. ಕಾವಲುಗಾರ ಹೇಳಿದ ಹೊತ್ತಿಗೆ ಬಂದು ಮೊಳೆಯನ್ನು ಒತ್ತಬೇಕು; ಹೊತ್ತು ಮೀರಿದರೆ ಆ ಮೊಳೆ ಕೈಗೆ ಸಿಗದೆ ಮುಂದೆ ಸರಿದುಹೋಗಿರುತ್ತಿತ್ತು. 1855ರಲ್ಲಿ ಜರ್ಮನಿಯ ಶ್ವೆನಿಂಗನ್‌ನ ಯೊಹಾನೆಸ್ ಬ್ಯುರ್ಕ್ ಹೆಗಲಿಗೆ ತೂಗುಹಾಕಿಕೊಂಡು ನಡೆಯಬಹುದಾದ ಗಡಿಯಾರಕ್ಕೆ ಪೇಟೆಂಟ್ ಪಡೆದ. ಕಟ್ಟಡದ ಮೂಲೆಮೂಲೆಗೆ ಸರಪಳಿ ಹಾಕಿ ಬಿಗಿದ ಬೇರೆಬೇರೆ ಕೀಲಿಗಳು. ಒಂದೊಂದು ಕೀಲಿಯನ್ನು ಗಡಿಯಾರಕ್ಕೆ ತೂರಿಸಿ ತಿರುಗಿಸಿದಾಗ ಒಳಗಿನ ಕಾಗದದ ಮೇಲೆ ಅದರದೇ ಗುರುತು ಬೀಳುತ್ತಿತ್ತು. ಬೆಳಗ್ಗೆ ಮೇಲ್ವಿಚಾರಕ ಆ ಕಾಗದದಲ್ಲಿ ಹುಡುಕುತ್ತಿದ್ದದ್ದು ಗುರುತುಗಳನ್ನಲ್ಲ, ಗುರುತಿಲ್ಲದ ಜಾಗಗಳನ್ನು. ನೂರೈವತ್ತು ವರ್ಷಗಳ ನಂತರದ ಎಲೆಕ್ಟ್ರಾನಿಕ್ ಕಾವಲಿನಲ್ಲೂ ಈ ಉಪಾಯವೇ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು.

ತೇವವನ್ನು ಜನ ಗಂಭೀರವಾಗಿ ತೆಗೆದುಕೊಂಡದ್ದು ನಿಧಾನವಾಗಿ. ಅಳೆಯುವ ಸಾಧನಕ್ಕೇನೂ ಕೊರತೆ ಇರಲಿಲ್ಲ. ಜಿನೀವಾದ ಸೊಸ್ಯೂರ್ ಮನುಷ್ಯನ ತಲೆಗೂದಲು ತೇವಕ್ಕೆ ಉದ್ದವಾಗುವುದನ್ನು ಬಳಸಿ ಆರ್ದ್ರತಾಮಾಪಕ ಮಾಡಿ, 1783ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ್ದ. 1880ರ ದಶಕದಲ್ಲಿ ಪ್ಯಾರಿಸಿನ ರಿಶಾರ್ ಸೋದರರ ಕಾರ್ಖಾನೆ, ಗಡಿಯಾರದ ಯಂತ್ರದಿಂದ ತಿರುಗುವ ಉರುಳೆಗೆ ಕಾಗದ ಸುತ್ತಿ, ವಾರವಿಡೀ ಉಷ್ಣತೆ, ಒತ್ತಡ, ತೇವಗಳ ಗೆರೆ ಎಳೆಯುವ ಉಪಕರಣಗಳನ್ನು ಮಾರತೊಡಗಿತು. ಉಗ್ರಾಣಗಳಿಗೂ ವಸ್ತುಸಂಗ್ರಹಾಲಯಗಳಿಗೂ ಅವು ಹೋದವು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಗಾಳಿಯ ಆರ್ದ್ರತೆಯ ಒಂದು ಮಿತಿಯವರೆಗೆ ಅತ್ಯಲ್ಪವಾಗಿದ್ದು, ಸುಮಾರು ಶೇ. 60–70 ದಾಟಿದೊಡನೆ ಒಮ್ಮೆಲೇ ಏರುತ್ತದೆ ಎಂಬುದನ್ನು ಬ್ರಿಟಿಷ್ ಸಂಶೋಧಕ ವರ್ನನ್ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ತೋರಿಸಿದರು. ಹ್ಯಾಂಗರಿನ ಪೆಟ್ಟಿಗೆಗಳು ಇಂದು ಎಚ್ಚರಿಕೆ ಕೊಡಬೇಕಾದ ಅಂಕಿ ಯಾವುದು ಎಂಬುದಕ್ಕೆ ಬುನಾದಿ ಆ ಕೆಲಸವೇ.

ತೇವದ ಕುಖ್ಯಾತ ಪ್ರಕರಣ ನಡೆದದ್ದು ಭಾರತದಲ್ಲಿ. ಪ್ಲೈವುಡ್ಡು ಮತ್ತು ಬಾಲ್ಸಾ ಮರವನ್ನು ಅಂಟಿಸಿ ಕಟ್ಟಿದ ಮಾಸ್ಕಿಟೊ ಯುದ್ಧವಿಮಾನಗಳ ರೆಕ್ಕೆಗಳು 1944ರಲ್ಲಿ ಇಲ್ಲಿ ಹಾರಾಟದಲ್ಲೇ ಮುರಿದವು. ಆ ವರ್ಷದ ನವೆಂಬರಿನಲ್ಲಿ ಅವುಗಳ ಹಾರಾಟವನ್ನು ತಡೆಹಿಡಿಯಬೇಕಾಯಿತು. ಕಾರ್ಖಾನೆಯಲ್ಲಿ ಅಂಟಿಸುವಾಗಿನ ದೋಷವೋ, ಮುಂಗಾರಿನ ತೇವ ಮತ್ತು ಬಿಸಿಲೋ ಎಂಬ ವಾದ ನಡೆಯಿತು. ಹಾಲಿನ ಕೇಸಿನ್‌ನಿಂದ ಮಾಡಿದ ಹಳೆಯ ಅಂಟು ಬಿಸಿತೇವದ ನಾಡಿಗೆ ಹೇಳಿದ್ದಲ್ಲ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯ ಉಳಿಯಲಿಲ್ಲ. ಫಾರ್ಮಾಲ್ಡಿಹೈಡ್ ಅಂಟು ಅದರ ಜಾಗಕ್ಕೆ ಬಂತು. ಅದೇ ದಶಕದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಿದ್ದರು. ಅಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್, ಬಟ್ಟೆ ಹೊದಿಸಿದ ಹಗುರ ವಿಮಾನ, ದೇಶದ ಹಾರಾಟ ಕ್ಲಬ್ಬುಗಳಿಗೆಲ್ಲ ಹೋಯಿತು. ಭಾರತದ ಹ್ಯಾಂಗರುಗಳಲ್ಲಿ ಕಾವಲು ಎಂದರೆ ಬಹಳ ಕಾಲ ಮನುಷ್ಯನೇ. ಜಕ್ಕೂರಿನಂಥ ತರಬೇತಿ ಶಾಲೆಯ ವಿಮಾನಗಳು ದಿನವೂ ಹಾರುವಂಥವು, ಒಂದೇ ಸೂರಿನಡಿ ನಿಲ್ಲುವಂಥವು, ಮೆಕ್ಯಾನಿಕ್ಕುಗಳ ಕಣ್ಣೆದುರಿಗೇ ಇರುವಂಥವು. ಮೇಲಾಗಿ ದಕ್ಷಿಣದಲ್ಲಿ ಎಂಜಿನ್ ಹೆಪ್ಪುಗಟ್ಟುವ ಚಳಿಯೇ ಇಲ್ಲ. ದೂರನಿಗಾ ಪೆಟ್ಟಿಗೆಯ ಕತೆ ಉತ್ತರ ಅಮೆರಿಕಕ್ಕೆ ಸರಿಯುವುದು ಈ ಕಾರಣಕ್ಕೆ.

ಅಲ್ಲಿ ಎರಡನೆಯ ಮಹಾಯುದ್ಧದ ನಂತರ ಹ್ಯಾಂಗರಿನ ಸ್ವರೂಪವೇ ಬೇರೆಯಾಯಿತು. ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲೇ ಪೇಟೆಂಟ್ ಪಡೆದಿದ್ದ. 1941ರಲ್ಲಿ ರೋಡ್ ಐಲೆಂಡಿನ ಕ್ವಾನ್ಸೆಟ್ ಪಾಯಿಂಟ್ ನೌಕಾನೆಲೆಯಲ್ಲಿ ರೂಪುಗೊಂಡ ಅರ್ಧವರ್ತುಲದ ಉಕ್ಕಿನ ಗುಡಾರಗಳು, ತಗಡಿನ ಕಟ್ಟಡವನ್ನು ಎಷ್ಟು ಬೇಗ, ಎಷ್ಟು ಅಗ್ಗವಾಗಿ ಎಬ್ಬಿಸಬಹುದು ಎಂದು ತೋರಿಸಿದವು. ಯುದ್ಧಾನಂತರ ಸಣ್ಣ ವಿಮಾನ ಕೊಳ್ಳುವವರು ಹೆಚ್ಚಿದಾಗ ಊರಾಚೆಯ ರನ್‌ವೇಗಳ ಅಂಚಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಕೋಣೆಗಳ ಉಕ್ಕಿನ ಸಾಲುಮನೆಗಳು ಎದ್ದವು. ರೆಕ್ಕೆ ಅಗಲ, ಬಾಲ ಕಿರಿದು. ಒಂದರ ಬಾಲದ ಪಕ್ಕಕ್ಕೆ ಹಿಂದಿನ ಕೋಣೆಯ ವಿಮಾನದ ಬಾಲ ಬರುವಂತೆ ಎದುರುಬದುರು ಜೋಡಿಸಿದರೆ ಜಾಗ ಉಳಿಯುತ್ತದೆ. ಒಂದು ಕೋಣೆಗೆ ಒಬ್ಬ ಬಾಡಿಗೆದಾರ, ಕೀಲಿ ಅವನ ಬಳಿ. ಅವನ ಮನೆ ಅರ್ಧ ಗಂಟೆಯೋ ಒಂದು ಗಂಟೆಯೋ ದೂರದಲ್ಲಿ. ಸಾಮೂಹಿಕ ಶೆಡ್ಡಿನಲ್ಲಿ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿದ್ದ ಸೋರಿಕೆ, ಇಲಿಗೂಡು, ಸಡಿಲ ಬಾಗಿಲು ಈ ಕೋಣೆಗಳಲ್ಲಿ ಯಾರಿಗೂ ಕಾಣದೆ ವಾರಗಟ್ಟಲೆ ಇರುವುದು ಸಾಧ್ಯವಾಯಿತು.

ತಗಡಿನ ಸೂರು ಇನ್ನೊಂದು ತೊಂದರೆಯನ್ನೂ ತಂದಿತು. ಚಳಿಗಾಲದ ಕೊನೆಗೆ, ಹಲವು ದಿನ ಕೊರೆದ ಮೇಲೆ, ತಟ್ಟನೆ ತೇವ ತುಂಬಿದ ಬೆಚ್ಚನೆ ಗಾಳಿ ಬೀಸಿದಾಗ ಒಳಗಿನ ಲೋಹವಿನ್ನೂ ತಣ್ಣಗೇ ಇರುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈಯಂತೆ ಸಿಲಿಂಡರು, ಪ್ರೊಪೆಲ್ಲರು, ಸೂರು ಎಲ್ಲ ಬೆವರುತ್ತವೆ. ಎಂಜಿನ್ನಿನ ಒಳಗೆ ಎಣ್ಣೆಯ ಪೊರೆ ಇಳಿದುಹೋದ ಕ್ಯಾಮ್‌ಶಾಫ್ಟಿನ ಮೇಲೆ ತುಕ್ಕಿನ ಚುಕ್ಕೆ ಮೂಡುವುದು ಇಂಥ ದಿನಗಳಲ್ಲೇ. ಬರಿಯ ಉಷ್ಣತಾಮಾಪಕ ಇದನ್ನು ಹಿಡಿಯಲಾರದು. ಗಾಳಿಯ ಉಷ್ಣತೆ, ಆರ್ದ್ರತೆಗಳಿಂದ ಇಬ್ಬನಿ ಬಿಂದುವನ್ನು ಲೆಕ್ಕ ಹಾಕಿ, ಲೋಹದ ಮೈಯ ಉಷ್ಣತೆಯೊಂದಿಗೆ ಹೋಲಿಸಬೇಕು. ಲೆಕ್ಕಕ್ಕೆ ಬೇಕಾದ ಸೂತ್ರವನ್ನು ಜರ್ಮನಿಯ ಹೈನ್‌ರಿಶ್ ಮಾಗ್ನುಸ್ 1844ರಲ್ಲೇ ಕೊಟ್ಟಿದ್ದ. ಇಂದಿನ ಹವ್ಯಾಸಿಗಳ ಪ್ರೋಗ್ರಾಮುಗಳಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ.

ಆದರೂ ಮಾಲೀಕರನ್ನು ತಂತಿ, ಬೆಸುಗೆಗಳ ಕಡೆಗೆ ದೂಡಿದ್ದು ತೇವಕ್ಕಿಂತ ಹೆಚ್ಚಾಗಿ ಚಳಿ. ಎಂಜಿನ್ನಿನ ಹೊರಕವಚ ಅಲ್ಯುಮಿನಿಯಂ, ಒಳಗಿನ ಕ್ರ್ಯಾಂಕ್‌ಶಾಫ್ಟ್ ಉಕ್ಕು. ಚಳಿಗೆ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಕುಗ್ಗುವುದರಿಂದ ಬೇರಿಂಗಿನ ಸಂದು ಬಿಗಿಯಾಗುತ್ತದೆ. ಎಣ್ಣೆಯೂ ಮಂದವಾಗಿ ಬೇಗ ಮೇಲೇರದು. ಅಂಥ ಹೊತ್ತಿನಲ್ಲಿ ಎಂಜಿನ್ ಹೊತ್ತಿಸಿದರೆ ಕೆಲವೇ ನಿಮಿಷಗಳಲ್ಲಿ ಆಗುವ ಸವೆತ ಅಪಾರ. ಕಾಂಟಿನೆಂಟಲ್ ಕಂಪನಿ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಲೈಕಮಿಂಗ್ ತನ್ನ ಹೆಚ್ಚಿನ ಎಂಜಿನ್ನುಗಳಿಗೆ ಮೈನಸ್ 12ಕ್ಕಿಂತ ಕೆಳಗೆ, ಮೊದಲೇ ಬಿಸಿ ಮಾಡಿಕೊಳ್ಳಬೇಕೆಂದು ಹೇಳುತ್ತವೆ. ಅಲಾಸ್ಕದ ಹಳಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1924ರ ಫೆಬ್ರವರಿಯಲ್ಲಿ ಕಾರ್ಲ್ ಬೆನ್ ಐಲ್ಸನ್ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ಅಂಚೆ ಹೊತ್ತು ಹಾರಿದ ಕಾಲದಿಂದ ಅಲ್ಲಿನ ಪೈಲಟ್ಟುಗಳ ದಿನಚರಿ ಒಂದೇ: ಇಳಿದ ಕೂಡಲೇ ಬಿಸಿ ಎಣ್ಣೆಯನ್ನು ಡಬ್ಬಕ್ಕೆ ಇಳಿಸುವುದು, ಡಬ್ಬವನ್ನು ಮನೆಯೊಳಗೆ ಒಲೆಯ ಪಕ್ಕ ಇಡುವುದು, ಬೆಳಗ್ಗೆ ಎಂಜಿನ್ನಿಗೆ ದಪ್ಪ ಕ್ಯಾನ್ವಾಸ್ ಹೊದಿಸಿ ಕೆಳಗೆ ಸ್ಟೌ ಹಚ್ಚುವುದು, ಆಮೇಲೆ ಎಣ್ಣೆ ಸುರಿದು ಹೊರಡುವುದು. ಸ್ಟೌ ಉರಿಯುವಷ್ಟು ಹೊತ್ತೂ ಒಬ್ಬ ಅಲ್ಲೇ ಕೂತಿರಬೇಕು. ಕಣ್ಣು ತಪ್ಪಿದರೆ ವಿಮಾನವೇ ಸುಟ್ಟುಹೋಗುತ್ತಿತ್ತು. ಹಾಗೆ ಸುಟ್ಟವೂ ಇವೆ.

1970ರ ದಶಕದಿಂದ ಎಂಜಿನ್ನಿಗೇ ಅಂಟಿಸುವ ವಿದ್ಯುತ್ ಹೀಟರುಗಳು ಬಳಕೆಗೆ ಬಂದು ಬೆಂಕಿಯ ಕೆಲಸ ತಪ್ಪಿತು. ಆದರೆ ಅವು ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಬೆಳಗ್ಗೆ ಏಳಕ್ಕೆ ಹಾರಬೇಕಾದವನು ಹಿಂದಿನ ರಾತ್ರಿ ಹೋಗಿ ಸ್ವಿಚ್ಚು ಹಾಕಿ ಬರಬೇಕು. ಬೆಳಗ್ಗೆ ಹವೆ ಕೆಟ್ಟರೆ ಆ ಓಡಾಟ ದಂಡ. ಚಳಿಗಾಲವೆಲ್ಲ ಹೀಟರನ್ನು ಹಾಕಿಯೇ ಬಿಡೋಣವೆಂದರೆ ಅದಕ್ಕೂ ಆಕ್ಷೇಪವಿದೆ. ಎಣ್ಣೆಯ ತೊಟ್ಟಿ ಮಾತ್ರ ಬಿಸಿಯಾದಾಗ ಎಣ್ಣೆಯಲ್ಲಿನ ನೀರು ಆವಿಯಾಗಿ ಮೇಲೆದ್ದು, ಇನ್ನೂ ತಣ್ಣಗಿರುವ ಮೇಲಿನ ಭಾಗಗಳಲ್ಲಿ ಹನಿಗಟ್ಟುತ್ತದೆ. ಇಡೀ ಎಂಜಿನ್ ಸಮವಾಗಿ ಬೆಚ್ಚಗಿದ್ದರೆ ತೊಂದರೆಯಿಲ್ಲ ಎನ್ನುವವರೂ, ಹಾರುವ ಮುನ್ನ ಮಾತ್ರ ಹಾಕಿ ಎನ್ನುವವರೂ ಇಂದಿಗೂ ವಾದಿಸುತ್ತಲೇ ಇದ್ದಾರೆ. ಮನೆಯಲ್ಲಿ ಕೂತು ಹೀಟರನ್ನು ಹಾಕಿ ಆರಿಸುವಂತಿದ್ದರೆ ಈ ವಾದವೇ ಬೇಕಿಲ್ಲ. ದೂರನಿಗಾ ಪೆಟ್ಟಿಗೆಯ ಹುಟ್ಟು ಇಲ್ಲಿ: ಅದು ಮೊದಲು ಬಂದದ್ದು ನೋಡಲು ಅಲ್ಲ, ಸ್ವಿಚ್ಚು ಹಾಕಲು. ಸ್ವಿಚ್ಚು ಬಿದ್ದಿತೇ, ಎಂಜಿನ್ ನಿಜವಾಗಿ ಬಿಸಿಯಾಗುತ್ತಿದೆಯೇ ಎಂದು ತಿಳಿಯುವ ಆಸೆ ಅದರ ಬೆನ್ನಿಗೇ ಬಂತು.

ದಾರಿ ಎಂದರೆ ಆಗ ಟೆಲಿಫೋನ್ ತಂತಿ ಒಂದೇ. ಅಮೆರಿಕದಲ್ಲಿ ಆ ತಂತಿಗೆ ಹೊರಗಿನವರ ಉಪಕರಣ ಜೋಡಿಸಲು ಟೆಲಿಫೋನ್ ಕಂಪನಿ ಬಿಡುತ್ತಿರಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ರೇಡಿಯೊ ಮತ್ತು ಟೆಲಿಫೋನನ್ನು ಬೆಸೆಯುವ ತನ್ನ ಸಾಧನಕ್ಕಾಗಿ ಹೋರಾಡಿ 1968ರಲ್ಲಿ ಗೆದ್ದ. ಸಂವಹನ ಆಯೋಗದ ಆ ತೀರ್ಪು ಹವ್ಯಾಸಿಗಳಿಗೂ ಬಾಗಿಲು ತೆರೆಯಿತು. ಅದಾದ ಮೇಲೆ ಗಂಟೆ ಬಾರಿಸಿದಾಗ ತಾನೇ ಕರೆ ಎತ್ತಿಕೊಂಡು, ಒತ್ತಿದ ಅಂಕಿಗೆ ತಕ್ಕಂತೆ ರಿಲೇ ಹಾಕುವ ಪೆಟ್ಟಿಗೆಗಳು, ಉಷ್ಣತೆ ಇಳಿದರೆ ಗೊತ್ತಾದ ನಂಬರಿಗೆ ತಾವೇ ಕರೆ ಮಾಡುವ ಪೆಟ್ಟಿಗೆಗಳು ಬಂದವು. ಕೊರತೆ ಒಂದೇ, ವರ್ಷಕ್ಕೆ ನಾಲ್ಕು ತಿಂಗಳು ಬೇಕಾದ ತಂತಿಗೆ ಹನ್ನೆರಡು ತಿಂಗಳ ಬಾಡಿಗೆ. ಎಷ್ಟೋ ಹ್ಯಾಂಗರು ಸಾಲುಗಳಿಗೆ ತಂತಿಯೇ ಬಂದಿರಲಿಲ್ಲ. ಪೇಜರಿನ ಸಂಕೇತಕ್ಕೆ ಸ್ವಿಚ್ಚು ಹಾಕುವ ಉಪಾಯ ಕೆಲಕಾಲ ನಡೆಯಿತು. ಅದು ಆಜ್ಞೆಯನ್ನು ಒಳಕ್ಕೆ ತರುತ್ತಿತ್ತೇ ಹೊರತು ಸುದ್ದಿಯನ್ನು ಹೊರಕ್ಕೆ ಒಯ್ಯುತ್ತಿರಲಿಲ್ಲ.

1991ರಲ್ಲಿ ಫಿನ್‌ಲೆಂಡಿನಲ್ಲಿ ಜಿಎಸ್‌ಎಂ ಮೊಬೈಲ್ ಸೇವೆ ಶುರುವಾಯಿತು, 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಎಸ್‌ಎಂಎಸ್ ಹೋಯಿತು. ಎರಡೂ ಕಡೆ ಚಲಿಸುವ, ಕಾಸಿಗೊಂದು ಕೊಸರಿಗೊಂದು ಎನ್ನುವಷ್ಟು ಅಗ್ಗವಾದ ಸಂದೇಶ ಹ್ಯಾಂಗರಿನವರಿಗೆ ಸಿಕ್ಕಿದ್ದು ಆಗ. ಸಿಮ್ ಕಾರ್ಡು ಹಾಕಿದ ಮೋಡೆಮ್ಮಿಗೆ ಆಜ್ಞೆ ಕಳಿಸಿದರೆ ಹೀಟರು ಹೊತ್ತಿತು ಎಂಬ ಮರುಸಂದೇಶವೂ, ಅದರೊಂದಿಗೆ ಉಷ್ಣತೆಯ ಅಂಕಿಯೂ ಬಂತು. ಆದರೆ ತಗಡಿನ ಕಟ್ಟಡ ಇಲ್ಲೂ ಅಡ್ಡ ನಿಂತಿತು. ಸುತ್ತಲೂ ಉಕ್ಕು ಇದ್ದಲ್ಲಿ ರೇಡಿಯೊ ಅಲೆ ಒಳಬರುವುದು ಬಾಗಿಲ ಸಂದಿನಿಂದಲೋ ಫೈಬರ್ ಗಾಜಿನ ಬೆಳಕಿಂಡಿಯಿಂದಲೋ ಅಷ್ಟೇ. ಆಂಟೆನಾವನ್ನು ಗೋಡೆಯಾಚೆಗೆ ತಂದು ನಿಲ್ಲಿಸುವುದು ಈ ಕಸುಬಿನ ಮೊದಲ ಪಾಠವಾಯಿತು. ದುಬಾರಿ ಸಂವೇದಕ ತಂದು ಆಂಟೆನಾದಲ್ಲಿ ಜಿಪುಣತನ ಮಾಡಿದವರ ಪೆಟ್ಟಿಗೆಗಳು ಕೆಲಸ ಮಾಡಲಿಲ್ಲ.

ಕೈಯಿಂದ ಕಟ್ಟುವ ಕಾಲ ನಿಜವಾಗಿ ಬಂದದ್ದು ಮೂರು ಅಗ್ಗದ ಸಾಧನಗಳಿಂದ. ಇಟಲಿಯ ಇವ್ರೆಯಾದ ವಿನ್ಯಾಸ ಶಾಲೆಯಿಂದ 2005ರಲ್ಲಿ ಆರ್ಡುಯಿನೊ ಹೊರಬಂತು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಿಂದ 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ಇದು ಪೂರ್ತಿ ಕಂಪ್ಯೂಟರು, ಕ್ಯಾಮೆರಾವನ್ನೂ ನಡೆಸಬಲ್ಲದು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ವೈಫೈ ಚಿಪ್ಪು ಇಎಸ್‌ಪಿ8266 ಹವ್ಯಾಸಿಗಳ ಕೈಸೇರಿತು. ಇವುಗಳಿಗೆ ಹೊಂದುವ ಸಂದೇಶದ ಪದ್ಧತಿ ಅಷ್ಟರಲ್ಲಿ ಸಿದ್ಧವಿತ್ತು. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್, ಮರುಭೂಮಿಯ ಎಣ್ಣೆ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ಎಂಕ್ಯೂಟಿಟಿ ಎಂಬ ಮಿತವ್ಯಯದ ಪದ್ಧತಿ ರೂಪಿಸಿದ್ದರು. ಮಂದ ಸಂಪರ್ಕ, ದುಬಾರಿ ಡೇಟಾ, ಹತ್ತಿರ ಯಾರೂ ಇಲ್ಲದ ಜಾಗ: ಎಣ್ಣೆ ಕೊಳವೆಗೂ ಹ್ಯಾಂಗರಿಗೂ ಈ ಮೂರು ಕಷ್ಟಗಳು ಸಮಾನ.

ಈಗಿನ ಸಾಮಾನ್ಯ ಪೆಟ್ಟಿಗೆಯಲ್ಲಿ ಗಾಳಿಯ ಉಷ್ಣತೆ–ಆರ್ದ್ರತೆಯ ಸಂವೇದಕ ಒಂದು, ಎಂಜಿನ್ನಿಗೆ ತಾಗಿಸಿದ ಉಷ್ಣತಾ ಸಂವೇದಕ ಒಂದು, ಬಾಗಿಲಿಗೆ ಆಯಸ್ಕಾಂತದ ಸ್ವಿಚ್ಚು, ಹೀಟರಿಗೆ ರಿಲೇ ಇರುತ್ತವೆ. ಅನುಭವಸ್ಥರು ಹೀಟರಿನ ತಂತಿಗೆ ವಿದ್ಯುತ್ ಪ್ರವಾಹ ಅಳೆಯುವ ಸುರುಳಿಯನ್ನೂ ಹಾಕುತ್ತಾರೆ. ರಿಲೇ ಬಿದ್ದಿದೆ ಎನ್ನುವುದಕ್ಕೂ ಹೀಟರು ಕರೆಂಟು ಎಳೆಯುತ್ತಿದೆ ಎನ್ನುವುದಕ್ಕೂ ಇರುವ ಅಂತರ ಪ್ಲಗ್ಗು ಕಿತ್ತುಬಂದ ದಿನ ಗೊತ್ತಾಗುತ್ತದೆ. ಕರೆಂಟು ಹೋದಾಗಲೂ ಪೆಟ್ಟಿಗೆ ಬದುಕಿರಲೆಂದು ಇಡುವ ಬ್ಯಾಟರಿಯಲ್ಲಿ ಒಂದು ತೊಡಕಿದೆ: ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಅದು ಹಾಳಾಗುತ್ತದೆ, ಹ್ಯಾಂಗರಿನಲ್ಲಿ ಬ್ಯಾಟರಿ ಬೇಕಾಗುವುದೋ ಆ ಚಳಿಯಲ್ಲೇ.

ಎಲ್ಲಕ್ಕಿಂತ ದೊಡ್ಡ ತಲೆನೋವು ಪೆಟ್ಟಿಗೆಯ ಮೌನ. ರೂಟರು ಸ್ತಬ್ಧವಾಗಿ, ಮೆಮೊರಿ ಕಾರ್ಡು ಕೆಟ್ಟು, ಸಿಮ್ಮಿನ ಹಣ ಮುಗಿದು ಪೆಟ್ಟಿಗೆ ಸತ್ತಾಗ ಮಾಲೀಕನಿಗೆ ಏನೂ ಕಾಣದು. ಎಚ್ಚರಿಕೆ ಬಂದಿಲ್ಲವಾದ್ದರಿಂದ ಎಲ್ಲ ನೆಟ್ಟಗಿದೆ ಎಂದುಕೊಂಡಿರುತ್ತಾನೆ. ಪ್ರೋಗ್ರಾಮು ನಿಂತರೆ ಕಂಪ್ಯೂಟರನ್ನು ತಾನೇ ಮರುಚಾಲೂ ಮಾಡುವ ಕಾವಲು ಟೈಮರು, ದಿನಕ್ಕೊಮ್ಮೆ ರೂಟರಿನ ಕರೆಂಟು ಕಡಿದು ಕೊಡುವ ಸಾದಾ ಟೈಮರು ಇದಕ್ಕೆ ಬಳಕೆಯಲ್ಲಿರುವ ಮದ್ದುಗಳು. ಎಂಕ್ಯೂಟಿಟಿಯಲ್ಲಿ ಇನ್ನೊಂದು ಸೌಕರ್ಯವಿದೆ. ಪೆಟ್ಟಿಗೆ ಸಂಪರ್ಕಕ್ಕೆ ಬಂದಾಗಲೇ, ತಾನು ಹೇಳದೆ ಕಣ್ಮರೆಯಾದರೆ ಪ್ರಕಟಿಸಬೇಕಾದ ಸಂದೇಶವನ್ನು ಸರ್ವರಿನ ಬಳಿ ಬಿಟ್ಟಿರುತ್ತದೆ. ಗೊತ್ತಾದ ಅವಧಿಯಲ್ಲಿ ಸುಳಿವು ಬಾರದಿದ್ದರೆ ಸರ್ವರು ಆ ಸಂದೇಶವನ್ನು ಮಾಲೀಕನಿಗೆ ತಲುಪಿಸುತ್ತದೆ. ಬ್ಯುರ್ಕ್‌ನ ಕಾಗದದ ಮೇಲಿನ ಖಾಲಿ ಜಾಗ ಮಾಡುತ್ತಿದ್ದ ಕೆಲಸವೂ ಇದೇ.

ದೊಡ್ಡ ಹ್ಯಾಂಗರುಗಳು ಬೇರೆ ಹಾದಿ ಹಿಡಿದವು. ಅಲ್ಲಿ ಸಂವೇದಕ ಬೆಂಕಿಯನ್ನು ಕಂಡರೆ ತಾನೇ ನೊರೆ ಸುರಿಸುತ್ತದೆ. 2014ರ ಜನವರಿಯಲ್ಲಿ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ ಬೆಂಕಿಯಿಲ್ಲದೆಯೇ ನೊರೆ ತುಂಬಿಕೊಂಡು ಒಬ್ಬರು ಸತ್ತರು. ಹವ್ಯಾಸಿಗಳ ಪೆಟ್ಟಿಗೆ ಹೀಟರೊಂದನ್ನು ಬಿಟ್ಟರೆ ಬೇರೇನನ್ನೂ ತಾನಾಗಿ ಮಾಡದು, ಹೇಳುತ್ತದಷ್ಟೇ. ಈ ಸಂಯಮ ಒಳ್ಳೆಯದೇ. ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂಬುದಕ್ಕೂ ನಿಯಮವಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಡುವುದರಿಂದ ಅಮೆರಿಕದ ವಿದ್ಯುತ್ ಸಂಹಿತೆ ಹ್ಯಾಂಗರಿನ ನೆಲದಿಂದ 18 ಇಂಚಿನವರೆಗಿನ ಜಾಗವನ್ನೂ, ಎಂಜಿನ್ ಹಾಗೂ ಇಂಧನ ತೊಟ್ಟಿಯಿಂದ ಅಡ್ಡಕ್ಕೆ 5 ಅಡಿಯವರೆಗಿನ ಜಾಗವನ್ನೂ ಅಪಾಯದ ವಲಯವೆಂದು ಗುರುತಿಸಿದೆ. ಕಿಡಿ ಹಾರಿಸಬಲ್ಲ ಸಾದಾ ರಿಲೇಯ ಸ್ಥಾನ ಈ ವಲಯದ ಆಚೆ, ಗೋಡೆಯ ಮೇಲ್ಭಾಗದಲ್ಲಿ.

ಸುದ್ದಿಯ ದಾರಿ ಸಿಕ್ಕಮೇಲೂ ಸ್ಥಿರವಾಗಿ ಉಳಿಯಲಿಲ್ಲ. ಅಮೆರಿಕದ ಎಟಿ ಅಂಡ್ ಟಿ 2017ರ ಆರಂಭಕ್ಕೆ 2ಜಿ ಜಾಲವನ್ನೂ, 2022ರ ಫೆಬ್ರವರಿಯಲ್ಲಿ 3ಜಿ ಜಾಲವನ್ನೂ ಮುಚ್ಚಿತು. ಆಸ್ಟ್ರೇಲಿಯದಲ್ಲಿ 3ಜಿ ನಿಂತದ್ದು 2024ರಲ್ಲಿ. ಪ್ರತಿ ಸಲವೂ ಸುಸ್ಥಿತಿಯಲ್ಲಿದ್ದ ಪೆಟ್ಟಿಗೆಗಳು ಮೋಡೆಮ್ಮಿನ ದೆಸೆಯಿಂದ ನಿರುಪಯೋಗಿಯಾದವು. ಸಿದ್ಧ ಪೆಟ್ಟಿಗೆ ಕೊಂಡವರು ಇನ್ನೊಂದನ್ನು ಕೊಳ್ಳಬೇಕಾಯಿತು. ತಾವೇ ಕಟ್ಟಿದವರು ಮೋಡೆಮ್ಮಿನ ಹಲಗೆಯೊಂದನ್ನು ಕಿತ್ತು, 2016ರಲ್ಲಿ ಮಾನಕವಾದ ಎಲ್‌ಟಿಇ-ಎಂ ಹಲಗೆ ಹಾಕಿದರು. ವಿಮಾನ ನಿಲ್ದಾಣದ ಕಚೇರಿಯಲ್ಲಿ ಇಂಟರ್ನೆಟ್ ಇರುವ ಕಡೆ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಹುಟ್ಟಿದ ಲೋರಾ ರೇಡಿಯೊ ಬಳಸಿ ಇಡೀ ಹ್ಯಾಂಗರು ಸಾಲಿಗೆ ಒಂದೇ ಆಂಟೆನಾ ನಿಲ್ಲಿಸುವ ಪದ್ಧತಿಯೂ ಇದೆ. ಇದರಲ್ಲಿ ಸಿಮ್ ಕಾರ್ಡು ಬೇಕಿಲ್ಲ, ತಿಂಗಳ ಬಾಡಿಗೆಯಿಲ್ಲ. ಸೆಲ್ಲಿನ ಮೇಲೆ ವರ್ಷಗಟ್ಟಲೆ ನಡೆಯುತ್ತದೆ. ಕ್ಯಾಮೆರಾದ ಚಿತ್ರವನ್ನು ಮಾತ್ರ ಅದು ಒಯ್ಯಲಾರದು.